‘ಪೌಂಡ್’ ಒಂದು ಪದವೋ ಮೂರೋ? ಪದದ ಮೂಲ ಹುಡುಕುವ ಕ್ರಮ

ಇಂಗ್ಲಿಷಿನ ಪದವೊಂದಕ್ಕೆ ನಾಲ್ಕಾರು ಅರ್ಥಗಳಿದ್ದಾಗ, ಅವುಗಳನ್ನು ಬಾಯಿಪಾಠ ಮಾಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಇದು ಹಲವು ಅರ್ಥಗಳಿಗೆ ಕವಲೊಡೆದ ಒಂದೇ ಪದವೋ, ಕಾಲಕ್ರಮದಲ್ಲಿ ಒಂದೇ ರೂಪ ತಳೆದ ಬೇರೆ ಬೇರೆ ಪದಗಳೋ? ಕನ್ನಡದಲ್ಲಿ ‘ಅರಸು’ ಎಂದರೆ ದೊರೆ, ‘ಅರಸು’ ಎಂದರೆ ಹುಡುಕು. ಇವೆರಡಕ್ಕೆ ನಂಟು ಕಲ್ಪಿಸಲು ನಾವು ಹೋಗುವುದಿಲ್ಲ. ಪರಭಾಷೆಯಲ್ಲಿ ಈ ವಿವೇಚನೆ ತಾನಾಗಿ ಬರುವುದಿಲ್ಲವಾದ್ದರಿಂದ ನಿಘಂಟಿನ ನೆರವು ಬೇಕು.

ದೊಡ್ಡ ನಿಘಂಟಿನಲ್ಲಿ ‘ಪೌಂಡ್’ ತೆರೆದರೆ, ಒಂದೇ ಕಾಗುಣಿತದ ಹಲವು ನಮೂದುಗಳು ಸಣ್ಣ ಅಂಕಿಗಳೊಂದಿಗೆ ಕಾಣುತ್ತವೆ. ಈ ಅಂಕಿಗಳು ಮೊದಲ ಸುಳಿವು ಮಾತ್ರ. ಕೆಲವು ನಿಘಂಟುಗಳು ಒಂದೇ ಪದದ ನಾಮಪದ ಮತ್ತು ಕ್ರಿಯಾಪದ ರೂಪಗಳಿಗೂ ಬೇರೆ ನಮೂದು ಕೊಡುತ್ತವೆ. ಆದ್ದರಿಂದ ಪ್ರತಿ ನಮೂದಿನ ವ್ಯುತ್ಪತ್ತಿಯನ್ನು ತಪ್ಪದೆ ಓದಬೇಕು. ಹಾಗೆ ಓದಿದಾಗ ಇಲ್ಲಿ ಸಿಗುವುದು ಮೂರು ಬೇರುಗಳು.

ಮೊದಲನೆಯದು ತೂಕ ಮತ್ತು ಹಣ. ಲ್ಯಾಟಿನ್ನಿನ ‘ಲಿಬ್ರಾ ಪೊಂಡೊ’ ಎಂದರೆ ತೂಕದಲ್ಲಿ ಒಂದು ಲಿಬ್ರಾ. ಲಿಬ್ರಾ ಎಂಬುದು ತಕ್ಕಡಿಗೂ ಒಂದು ತೂಕದ ಅಳತೆಗೂ ಇದ್ದ ಹೆಸರು. ಇಂಗ್ಲಿಷ್ ಉಳಿಸಿಕೊಂಡದ್ದು ಎರಡನೆಯ ಪದವನ್ನು, ಬರವಣಿಗೆಯ ಗುರುತುಗಳು ಉಳಿದದ್ದು ಮೊದಲನೆಯದರಿಂದ. ತೂಕದ ಪೌಂಡನ್ನು ಸಂಕ್ಷೇಪವಾಗಿ ‘ಎಲ್‌ಬಿ’ ಎಂದು ಬರೆಯುವುದೂ, ಹಣದ ಪೌಂಡಿನ ಚಿಹ್ನೆ ಅಡ್ಡಗೆರೆ ಎಳೆದ ‘ಎಲ್’ ಅಕ್ಷರವಾಗಿರುವುದೂ ಇದರಿಂದಲೇ. ಒಂದು ಪೌಂಡ್ ತೂಕದ ಬೆಳ್ಳಿಯಿಂದ 240 ಪೆನ್ನಿಗಳನ್ನು ಟಂಕಿಸುತ್ತಿದ್ದುದರಿಂದ ತೂಕದ ಹೆಸರೇ ಹಣದ ಹೆಸರಾಯಿತು. ಬ್ರಿಟನ್ 1971ರ ಫೆಬ್ರವರಿ 15ರಂದು ದಶಮಾಂಶ ಪದ್ಧತಿಗೆ ಬರುವವರೆಗೂ ಪೌಂಡಿಗೆ 240 ಪೆನ್ನಿಗಳ ಲೆಕ್ಕವೇ ನಡೆಯಿತು. ಆಳವಾಗಿ ಯೋಚಿಸು ಎಂಬರ್ಥದ ‘ಪಾಂಡರ್’ ಕೂಡ ತೂಗುವುದನ್ನು ಸೂಚಿಸುವ ಇದೇ ಲ್ಯಾಟಿನ್ ಕುಟುಂಬದ್ದು. ಒಂದೇ ಮೂಲದ ಅರ್ಥಗಳ ನಡುವೆ ಹೀಗೆ ಹೆಜ್ಜೆಹೆಜ್ಜೆಯಾಗಿ ದಾರಿ ತೋರಿಸಲು ಸಾಧ್ಯವಾಗಬೇಕು. ದಾರಿ ಕಾಣದಿದ್ದರೆ ಬೇರೆ ಪದವಿರಬಹುದೆಂದು ಸಂಶಯಿಸಬೇಕು.

ಎರಡನೆಯ ‘ಪೌಂಡ್’ ಬೀಡಾಡಿ ದನ, ನಾಯಿಗಳನ್ನು ಕೂಡಿಹಾಕುವ ಜಾಗ. ಇದು ಹಳೆಯ ಇಂಗ್ಲಿಷಿನ ಪದ, ಲ್ಯಾಟಿನ್ನಿನ ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ. ಕೆರೆ, ಕೊಳ ಎಂಬರ್ಥದ ‘ಪಾಂಡ್’ ಇದರದೇ ಇನ್ನೊಂದು ರೂಪ, ಏಕೆಂದರೆ ಅದು ಒಡ್ಡು ಕಟ್ಟಿ ತಡೆದು ನಿಲ್ಲಿಸಿದ ನೀರು. ಬ್ರಿಟಿಷರ ಆಳ್ವಿಕೆಯ 1871ರ ದನಗಳ ಅತಿಕ್ರಮಣ ಕಾಯ್ದೆಯಲ್ಲಿ ಬರುವ ‘ಪೌಂಡ್’ ಇದೇ. ನಮ್ಮ ಹಳ್ಳಿಗಳಲ್ಲಿ ಬೆಳೆ ಮೇಯ್ದ ದನಗಳನ್ನು ಹೊಡೆದು ಕೂಡುತ್ತಿದ್ದ ದೊಡ್ಡಿ, ಅಂದರೆ ಕೊಂಡವಾಡ.

ಮೂರನೆಯದು ಕುಟ್ಟು, ಜಜ್ಜು ಎಂಬ ಕ್ರಿಯಾಪದ. ಹಳೆಯ ಇಂಗ್ಲಿಷಿನಲ್ಲಿ ಇದು ‘ಪೂನಿಯನ್’ ಆಗಿತ್ತು. ಕೊನೆಯ ‘ಡ್’ ಧ್ವನಿ ಮೂಲದಲ್ಲಿ ಇರಲೇ ಇಲ್ಲ, ಅದು ಬಹಳ ತಡವಾಗಿ ಬಂದು ಸೇರಿಕೊಂಡಿತು. ಆದಕಾರಣ ಇಂದಿನ ಕಾಗುಣಿತವನ್ನು ನೆಚ್ಚದೆ, ನಿಘಂಟು ಕೊಡುವ ಅತ್ಯಂತ ಹಳೆಯ ರೂಪವನ್ನು ನೋಡಬೇಕು. ಈ ಒಂದು ಅಭ್ಯಾಸ ಎಷ್ಟೋ ತಪ್ಪು ಊಹೆಗಳನ್ನು ತಡೆಯುತ್ತದೆಂಬುದು ನನ್ನ ದೃಢ ನಂಬಿಕೆ.

ಬಳಿಕ ನೆರೆಭಾಷೆಗಳನ್ನು ಗಮನಿಸಿ. ತೂಕದ ಪೌಂಡಿಗೆ ಜರ್ಮನ್ನಿನಲ್ಲಿ ‘ಫುಂಟ್’ ಇದೆ, ಡಚ್ಚಿನಲ್ಲಿ ‘ಪೊಂಟ್’ ಇದೆ; ಕುಟ್ಟುವ ಪೌಂಡಿಗೆ ನಂಟಾಗಿ ಡಚ್ಚಿನಲ್ಲಿ ಸಿಗುವುದು ಕಲ್ಲುಮಣ್ಣಿನ ರಾಶಿ ಎಂಬರ್ಥದ ಬೇರೆಯೇ ಪದ. ಬಂಧುಗಳು ಬೇರೆಯಾದರೆ ಮೂಲವೂ ಬೇರೆ ಎಂಬುದು ಗಟ್ಟಿಯಾಗುತ್ತದೆ.

ಕೊನೆಯದಾಗಿ, ಸಮಾಸದಂತೆ ಕಾಣುವ ಪದಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ವಶಪಡಿಸಿಕೊಳ್ಳು ಎಂಬರ್ಥದ ‘ಇಂಪೌಂಡ್’ ನಿಜವಾಗಿಯೂ ದೊಡ್ಡಿಯ ಪೌಂಡಿನಿಂದಲೇ ಬಂದಿದೆ. ಮಿಶ್ರಣ ಎಂಬರ್ಥದ ‘ಕಾಂಪೌಂಡ್’ ಮಾತ್ರ ಒಟ್ಟಿಗೆ ಇಡು ಎಂಬ ಲ್ಯಾಟಿನ್ ಕ್ರಿಯಾಪದದ್ದು. ಇನ್ನು ನಾವು ಮನೆಯ ಸುತ್ತ ಕಟ್ಟಿಸುವ ಕಾಂಪೌಂಡು, ಆವರಣದ ಅರ್ಥವಿದ್ದರೂ, ದೊಡ್ಡಿಗೆ ಸೇರಿದ್ದಲ್ಲ. ಹೆಚ್ಚಿನ ವಿದ್ವಾಂಸರು ಅದನ್ನು ಮಲಯ ಭಾಷೆಯಲ್ಲಿ ಹಳ್ಳಿಯನ್ನು ಸೂಚಿಸುವ ‘ಕಂಪೊಂಗ್’ ಪದಕ್ಕೆ ಜೋಡಿಸುತ್ತಾರೆ.