ಬಿಟ್ಟಿ ಅಂದಾಗ ಯಾರೂ ಮುಟ್ಟಲಿಲ್ಲ: ಮಲೆನಾಡಿನ ಸ್ಟುಡಿಯೋಗಳಿಗೆ ಆರ್ಡರ್ ಹತ್ತಿಸಿದ ನನ್ನ ಅನುಭವ

ಈಗ ಐದು ಸ್ಟುಡಿಯೋಗಳಲ್ಲಿ ಆರ್ಡರ್ (Ardour) ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಲಿನಕ್ಸ್ ಮೇಲೆ, ಅಂದರೆ ವಿಂಡೋಸ್ ಬದಲು ಬಳಸುವ ಬಿಟ್ಟಿ ಆಪರೇಟಿಂಗ್ ಸಿಸ್ಟಮ್ ಮೇಲೆ, ಓಡುತ್ತಿದೆ. ಶಿವಮೊಗ್ಗದಲ್ಲಿ ಮೂರು, ಸಾಗರದಲ್ಲಿ ಒಂದು, ತೀರ್ಥಹಳ್ಳಿಯಲ್ಲಿ ಒಂದು. "ಲಿನಕ್ಸ್‌ನಲ್ಲಿ ಯಾರಾದ್ರೂ ರೆಕಾರ್ಡಿಂಗ್ ಮಾಡ್ತಾರಾ, ಸುಮ್ನೆ ಇರಪ್ಪಾ" ಅಂದಿದ್ದವರಲ್ಲಿ ಇಬ್ಬರು ಈ ಐದರಲ್ಲೇ ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ, ಜಂಬ ಅಂದುಕೊಂಡರೂ ಬೇಜಾರಿಲ್ಲ. ಜ್ಯಾಕ್, ಪೈಪ್‌ವೈರ್, ರಿಯಲ್‌ಟೈಮ್ ಪರ್ಮಿಷನ್ ಅಂತ ಲಿನಕ್ಸ್‌ನಲ್ಲಿ ಆಡಿಯೋ ಹೊಂದಿಸುವ ತಾಂತ್ರಿಕ ವಿವರಗಳನ್ನು ಇಲ್ಲಿ ಬಿಟ್ಟುಬಿಡುತ್ತೇನೆ.

ಮೊದಲ ಒಂದೂವರೆ ವರ್ಷ ಹೋದಲ್ಲೆಲ್ಲ "ಇದು ಫ್ರೀ ಸಾರ್" ಅಂತಲೇ ಮಾತು ಶುರು ಮಾಡುತ್ತಿದ್ದೆ. ದುರ್ಗಿಗುಡಿಯಲ್ಲಿ ಒಬ್ಬರು ಪೂರ್ತಿ ಕೇಳಿಸಿಕೊಂಡು, ಚಹಾ ಕೊಡಿಸಿ, "ನಂದೂ ಫ್ರೀನೇ ಕಣಪ್ಪಾ" ಅಂದು ನಕ್ಕರು. ಅವರದು ಕ್ರ್ಯಾಕ್ ಮಾಡಿದ್ದು, ಅಂದರೆ ದುಡ್ಡು ಕೊಡದೆ ಬೀಗ ಮುರಿದ ಕಳ್ಳ ಪ್ರತಿ. ಸಾಫ್ಟ್‌ವೇರಿಗೆ ಒಂದು ಪೈಸೆ ಕೊಡದವರ ಹತ್ತಿರ ಹೋಗಿ ದುಡ್ಡು ಉಳಿಯುತ್ತೆ ಅಂತ ಹೇಳುತ್ತಿದ್ದೆ ನಾನು! ಇನ್ನೊಬ್ಬರು ಹೆಸರು ಕೇಳಿ ಎಷ್ಟು ಪೀಸಿನ ಆರ್ಡರ್ ಅಂದರು. ಅದನ್ನು ಈಗಲೂ ಹೇಳಿ ಕಾಲೆಳೆಯುತ್ತಾರೆ.

ಆಮೇಲೆ ಸಾಗರದಲ್ಲಿ ಒಬ್ಬರು ಒಪ್ಪಿದರು. ಖುಷಿಯಲ್ಲಿ ಅವರ ಹಳೇ ವ್ಯವಸ್ಥೆ ಪೂರ್ತಿ ಅಳಿಸಿ ಉಬುಂಟು ಸ್ಟುಡಿಯೋ ಅನ್ನುವ ಲಿನಕ್ಸ್ ಹಾಕಿದೆ. ಇದಕ್ಕಿಂತ ದೊಡ್ಡ ದಡ್ಡತನ ನಾನು ಮಾಡಿಲ್ಲ. ಎರಡನೇ ದಿನ ಒಂದು ಭಜನಾ ಮಂಡಳಿ ಬಂತು, ಹನ್ನೆರಡು ಜನ ಹೆಂಗಸರು, ಹಾರ್ಮೋನಿಯಂ, ತಬಲ. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಹಿಡಿಯುವ ಸದ್ದಿನ ತುಣುಕು) 64 ಸ್ಯಾಂಪಲ್‌ಗೆ ಇಳಿಸಿದ್ದೆ, ಲೇಟೆನ್ಸಿ, ಅಂದರೆ ಸದ್ದು ತಡವಾಗಿ ಕೇಳುವುದು, ಕಡಿಮೆ ಅಂತ ತೋರಿಸಿಕೊಳ್ಳುವ ಚಪಲ. ಮೂರನೇ ಹಾಡಿನಿಂದ ಎಕ್ಸ್‌ರನ್ (ಕಂಪ್ಯೂಟರಿಗೆ ಸದ್ದಿನ ವೇಗ ಹಿಡಿಯಲಾಗದೆ ತುಣುಕು ತಪ್ಪುವುದು), ಹೆಡ್‌ಫೋನಿನಲ್ಲಿ ಒಗ್ಗರಣೆ ಸಿಡಿದ ಹಾಗೆ ಚಟಪಟ. ಮಂಡಳಿಯ ಹಿರಿಯರೊಬ್ಬರು "ಮಳೆ ಬಂತಾ ಹೊರಗೆ?" ಅಂದರು. ವೈಫೈ ಕಾರ್ಡ್ ಮತ್ತು ಸಿಪಿಯು ಪವರ್ ಸೇವಿಂಗ್ ಎರಡೂ ಸೇರಿ ಕಾಡುತ್ತಿದ್ದವು ಅಂತ ತಿಳಿಯುವ ಹೊತ್ತಿಗೆ ಮಂಡಳಿ ಹೊರಟುಹೋಗಿತ್ತು. ಅವರ ವ್ಯಾನ್ ಬಾಡಿಗೆ, ಊಟ, ಇನ್ನೊಂದು ದಿನದ ಸ್ಟುಡಿಯೋ ಬಾಡಿಗೆ ಎಲ್ಲ ನನ್ನ ತಲೆಗೆ. ಹದಿಮೂರೋ ಹದಿನಾಲ್ಕೋ ಸಾವಿರ ಹೋಯಿತು.

ಈಗ ವೈಫೈ ಬಂದ್, ಸಿಪಿಯು ವೇಗ ನಿಯಂತ್ರಿಸುವ ಗವರ್ನರ್ ಪರ್ಫಾರ್ಮೆನ್ಸ್‌ಗೆ, 48 ಕಿಲೋಹರ್ಟ್ಸ್‌ನಲ್ಲಿ ಬಫರ್ 256. ಅಂಥ ಒಂದು ತುಣುಕಿಗೆ 5.3 ಮಿಲಿಸೆಕೆಂಡ್. ಹಾಡುವವರಿಗೆ ಇಂಟರ್‌ಫೇಸಿನಿಂದಲೇ (ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ) ಅವರ ದನಿ ನೇರವಾಗಿ ಹೆಡ್‌ಫೋನಿಗೆ ಕೊಟ್ಟರೆ ಲೇಟೆನ್ಸಿ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಸಾಗರದ ಏಟಿನ ನಂತರ ಯಾರ ಮೆಶಿನ್ನೂ ಮುಟ್ಟಬಾರದು ಅಂತ ತೀರ್ಮಾನ ಮಾಡಿದೆ. ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, ಸುಮಾರು 17 ಸಾವಿರದ್ದು, ಅದಕ್ಕೊಂದು ಎಂಟು ಚಾನೆಲ್ಲಿನ ಕ್ಲಾಸ್ ಕಂಪ್ಲೈಂಟ್ (ಬೇರೆ ಡ್ರೈವರ್ ಬೇಡದ) ಇಂಟರ್‌ಫೇಸ್, ಒಂದು ಚಿಕ್ಕ ಯುಪಿಎಸ್. ಎಲ್ಲ ಒಂದು ಪ್ಲೈವುಡ್ ಪೆಟ್ಟಿಗೆಯಲ್ಲಿ. ನಿಮ್ಮ ಕೆಲಸ ನೀವು ಮಾಡಿ, ಮೈಕಿನ ಸಿಗ್ನಲ್ ಸ್ಪ್ಲಿಟ್ ಮಾಡಿ ನನಗೂ ಕೊಡಿ, ನಂದು ಬ್ಯಾಕಪ್ ಅಷ್ಟೆ ಅನ್ನುತ್ತಿದ್ದೆ. ಮತ್ತೆ, ದಿನಕ್ಕೆ 700 ರೂಪಾಯಿ ಬಾಡಿಗೆ. ಬಿಟ್ಟಿ ಅಂದಾಗ ಅನುಮಾನದಿಂದ ನೋಡಿದವರು 700 ಅಂದ ಕೂಡಲೇ 500ಕ್ಕೆ ಚೌಕಾಸಿ ಶುರು ಮಾಡಿದರು. ಚೌಕಾಸಿ ಮಾಡುತ್ತಾರೆ ಅಂದರೆ ಮನಸ್ಸಿದೆ ಅಂತ, ಅಲ್ವಾ?

ಕೆಲಸ ಆಗಿದ್ದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ, ತಾಳಮದ್ದಳೆಯ ರಾತ್ರಿ. ಜುಲೈ ತಿಂಗಳು, ತಗಡಿನ ಮಾಡು, ಮಳೆ ಅಂದರೆ ಮಳೆ. ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಹನ್ನೆರಡೂವರೆ ಹೊತ್ತಿಗೆ ಅರ್ಥಧಾರಿಗಳಿಬ್ಬರು ವಾದಕ್ಕೆ ಬಿದ್ದಿದ್ದರು, ಸಭೆ ಉಸಿರು ಬಿಗಿಹಿಡಿದು ಕೂತಿತ್ತು. ಆಗಲೇ ಕರೆಂಟು ಹೋಯಿತು, ನನ್ನ ಯುಪಿಎಸ್ ಕುಯ್ಯೋ ಅಂತ ಎರಡು ನಿಮಿಷಕ್ಕೆ ಸತ್ತಿತು, ಸ್ಟುಡಿಯೋದವರ ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದ್ದರೂ ಇಂಟರ್‌ಫೇಸ್ ಆಫ್ ಆಗಿ ಪ್ರೋಗ್ರಾಂ ನೇತಾಡಿಕೊಂಡಿತು. ಎರಡೂ ಹೋದವು ಅಂದುಕೊಂಡು ಕೂತೆವು. ಜನರೇಟರ್ ಬಂದ ಮೇಲೆ ಸೆಷನ್ ತೆರೆದರೆ ಆರ್ಡರ್ ತಾನಾಗಿ ಕೇಳಿತು: ರೆಕಾರ್ಡಿಂಗ್ ಮಧ್ಯದಲ್ಲಿ ನಿಂತಿದೆ, ಸಿಕ್ಕಿದ್ದನ್ನು ಉಳಿಸಿಕೊಡಲಾ? ಉಳಿಸು ಅಂದೆ. ಎಂಟೂ ಟ್ರ್ಯಾಕ್, ಭಾಗವತರ ಕೊನೆಯ ಜಾಗಟೆ ಪೆಟ್ಟಿನವರೆಗೂ ಇತ್ತು. ಅವರ ಕಡೆಯ ಫೈಲ್ ತೆರೆಯಲೇ ಇಲ್ಲ. ಸ್ಟುಡಿಯೋದವರು ಏನೂ ಮಾತಾಡಲಿಲ್ಲ, ಹೋಗಿ ಕಷಾಯ ತಂದುಕೊಟ್ಟರು. ಹದಿನೈದು ದಿನಕ್ಕೆ ಫೋನ್ ಬಂತು. ಈ ಸುದ್ದಿ ಶಿವಮೊಗ್ಗಕ್ಕೆ ನನಗಿಂತ ಮೊದಲೇ ತಲುಪಿತ್ತು.

ರಾತ್ರಿಯಿಡೀ ರೆಕಾರ್ಡ್ ಮಾಡುವವರಿಗೆ ಒಂದು ಮಾತು. 48 ಕಿಲೋಹರ್ಟ್ಸ್, 32-ಬಿಟ್ ಫ್ಲೋಟ್ (ಸದ್ದು ಉಳಿಸುವ ಒಂದು ಬಗೆ) ಇಟ್ಟರೆ ಒಂದು ಟ್ರ್ಯಾಕ್ ಆರು ಗಂಟೆ ಚಿಲ್ಲರೆಗೆ 4 ಜಿಬಿ ದಾಟುತ್ತೆ, ಮಾಮೂಲಿ ವೇವ್ ಫೈಲಿಗೆ ಅದೇ ಗಡಿ. ಸೆಷನ್ ಶುರು ಮಾಡುವಾಗಲೇ ಆ ಗಡಿ ಇಲ್ಲದ ಆರ್‌ಎಫ್64 ಫೈಲ್ ಬಗೆ ಇಟ್ಟುಕೊಳ್ಳಿ. ನಾನು ಬೆಳಗಿನ ಜಾವ ಲೆಕ್ಕ ಹಾಕುತ್ತಾ ಬೆವರಿದ್ದೇನೆ.

ಸ್ಟುಡಿಯೋದವರು "ದೊಡ್ಡವರು ಯಾರು ಬಳಸ್ತಾರೆ?" ಅಂತ ಕೇಳೇ ಕೇಳುತ್ತಾರೆ. ಮಿಕ್ಸಿಂಗ್ ಕನ್ಸೋಲ್ ಮಾಡುವ ಹ್ಯಾರಿಸನ್ ಕಂಪನಿ ತನ್ನ ಮಿಕ್ಸ್‌ಬಸ್ ಸಾಫ್ಟ್‌ವೇರ್ ಕಟ್ಟಿದ್ದು ಇದೇ ಆರ್ಡರ್ ಮೇಲೆ ಅಂತ ಹೇಳಿ. ಆರ್ಡರ್ ಬರೆದ ಪಾಲ್ ಡೇವಿಸ್, ಅದರ ಮುಕ್ತ ಲೈಸೆನ್ಸ್ ಜಿಪಿಎಲ್ ಅಂತ ಹೋದರೆ ಆಕಳಿಕೆ ಬರುತ್ತೆ. ನಾನು ನೋಡಿದ್ದೇನೆ.

ಮಧ್ಯದಲ್ಲಿ ಮೆನುಗಳನ್ನು ಕನ್ನಡಕ್ಕೆ ತರುವ ಹುಚ್ಚು ಹಿಡಿದು ಎರಡು ತಿಂಗಳು ಸಂಜೆಗಳನ್ನು ಕಳೆದೆ. ಸದ್ದು ಏರಿಸಿ ಇಳಿಸುವ ಫೇಡರ್‌ಗೆ "ಇಳಿಸುಕ" ಅಂತ ಬರೆದಿದ್ದೆ, ಹಲವು ಟ್ರ್ಯಾಕ್ ಒಟ್ಟು ಸೇರುವ ಬಸ್‌ಗೂ ಕನ್ನಡ ಹುಡುಕುತ್ತಿದ್ದೆ. ವಿನೋಬನಗರದ ಎಂಜಿನಿಯರ್ ಹುಡುಗ ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ. "ಬಸ್ ಅನ್ನೋದನ್ನ ಬಸ್ ಅಂತಲೇ ಬಿಡಿ ಸಾರ್, ಇಲ್ಲಾಂದ್ರೆ ನಾನೇ ಬಸ್ ಹತ್ತಿ ಊರಿಗೆ ಹೋಗ್ತೀನಿ" ಅಂದ. ಬಿಟ್ಟೆ. ಆದರೆ ಟ್ರ್ಯಾಕ್ ಹೆಸರು ಕನ್ನಡದಲ್ಲಿ ಇಟ್ಟ ಟೆಂಪ್ಲೇಟ್ ಎಲ್ಲರಿಗೂ ಇಷ್ಟ ಆಯಿತು. ತೆರೆದರೆ ಸಾಕು, ಭಾಗವತರು, ಚೆಂಡೆ, ಮದ್ದಳೆ, ಶ್ರುತಿ ಅಂತ ಸಾಲಾಗಿ ನಿಂತಿರುತ್ತೆ. ಚೆಂಡೆಗೆ ಕಂಪ್ರೆಸರ್ ಎಷ್ಟು, ತಗಡಿನ ಮಳೆ ಸದ್ದನ್ನು ಹೇಗೆ ತಗ್ಗಿಸುತ್ತೇನೆ ಅನ್ನುವುದು ಆ ಟೆಂಪ್ಲೇಟಿನಲ್ಲೇ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ, ನನ್ನ ಅನ್ನ ಅದು.

ಈಗ ಸೆಟಪ್‌ಗೆ ಆರು ಸಾವಿರ, ಆಮೇಲೆ ವರ್ಷಕ್ಕೆ ಎಂಟು. ಮಳೆಗಾಲದಲ್ಲಿ ಎರಡು ಸಲ ಹೋಗಿ ಬೂಷ್ಟು ಒರೆಸಿ, ಮೈಕ್ ಡಬ್ಬದ ಸಿಲಿಕಾ ಜೆಲ್ ಬದಲಿಸುವುದೂ ಅದರಲ್ಲೇ ಬಂತು. ದುಡ್ಡು ಮಾತ್ರ ಅಡಿಕೆ ಮಾರಿದ ಮೇಲೇ ಬರೋದು, ಏಕೆಂದರೆ ಸ್ಟುಡಿಯೋಗೆ ಗಿರಾಕಿ ಬರೋದೂ ಆಗಲೇ. ಪಿಚ್ ತಿದ್ದುವ ಕೆಲಸಕ್ಕೆ ಎರಡು ಕಡೆ ಹಳೇ ಮೆಶಿನ್ ಇನ್ನೂ ಪಕ್ಕದಲ್ಲಿದೆ, ಅದನ್ನು ನಾನು ತೆಗೆಸಿಲ್ಲ, ತೆಗೆಸುವುದೂ ಇಲ್ಲ. ಬೆಂಗಳೂರಿಗೆ ಕಳಿಸುವುದಿದ್ದರೆ ಸ್ಟೆಮ್, ಅಂದರೆ ಟ್ರ್ಯಾಕ್‌ಗಳನ್ನು ಬೇರೆಬೇರೆಯಾಗಿ, ಎಕ್ಸ್‌ಪೋರ್ಟ್ ಮಾಡಿ ವೇವ್ ಫೈಲ್ ಕಳಿಸುತ್ತಾರೆ, ಎಲ್ಲಿ ಮಾಡಿದ್ದು ಅಂತ ಇದುವರೆಗೆ ಯಾರೂ ಕೇಳಿಲ್ಲ.

ದುರ್ಗಿಗುಡಿಯವರು ಮೊನ್ನೆ ಕರೆದಿದ್ದರು. ಅವರ ಕ್ರ್ಯಾಕ್ ಏಳುತ್ತಿಲ್ಲವಂತೆ. ಈ ಸಲ ಚಹಾ ನಾನೇ ಕೊಡಿಸಿದೆ, ಆಮೇಲೆ ರೇಟು ಹೇಳಿದೆ.