‘ನೋಡೋಣ’ ಅಂದ ಒಂದು ಮಾತು: ಘಾನಾದ ಹಳ್ಳಿ ಸಭೆಗಳಲ್ಲಿ ನನ್ನ ಅನುಭವ

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ನಮ್ಮ ಮಂಗಳೂರಿಗೆ ಬಂದಿದ್ದು 1834ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ, 1828ರಲ್ಲಿ, ಅದೇ ಮಿಶನ್ ಈಗಿನ ಘಾನಾದ ಕರಾವಳಿಗೆ ಹೋಗಿತ್ತು. ಅಂದರೆ ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆ, ಅಂದರೆ ಚರ್ಚು, ನಮಗೆ ಅಕ್ಕನ ಮನೆ ಇದ್ದ ಹಾಗೆ. ನಮ್ಮ ಸಭೆಯಿಂದ ಐದು ಜನ ಹೊರಟಾಗ, ಅಕ್ರೊಪಾಂಗ್ ಊರಿನ ಸುತ್ತಲಿನ ಗುಡ್ಡದ ಹಳ್ಳಿಗಳಿಗೇ ಹೋಗೋಣ ಅಂತ ನಾನು ಹಟ ಹಿಡಿದೆ.

ಹೊರಡುವವರು ಮೊದಲು ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ. ಹತ್ತು ದಿನ ಮೊದಲೇ ಆಗಿರಬೇಕು. ಆ ಕಾರ್ಡು ಅಲ್ಲಿಗೆ ಇಳಿಯುವಾಗಲೂ ಬೇಕು, ವಾಪಸ್ ಬರುವಾಗಲೂ ಬೇಕು. ಮಲೇರಿಯಾ ಮಾತ್ರೆಯನ್ನು ಡಾಕ್ಟರ ಹತ್ತಿರ ಕೇಳಿ ತಗೊಳ್ಳಿ.

ಹಳ್ಳಿಗೆ ಹೋದ ಕೂಡಲೇ ಕೆಲಸದ ಮಾತು ತೆಗೆಯುವಂತಿಲ್ಲ. ಕೂರಿಸುತ್ತಾರೆ, ನೀರು ಕೊಡುತ್ತಾರೆ, ‘ಅಕ್ವಾಬಾ’ ಅಂತ ಸ್ವಾಗತಿಸುತ್ತಾರೆ. ಆಮೇಲೆ ಹಿರಿಯರೊಬ್ಬರು ‘ಏನು ಬಂದಿರಿ?’ ಅಂತ ಕೇಳುತ್ತಾರೆ. ಆಗ ಹೇಳಬೇಕು. ಬಾಯಾರಿಕೆಗೆ ಕೊಟ್ಟೇ ಮಾತು ಶುರುಮಾಡುವ ನಮ್ಮೂರಿನವರಿಗೆ ಇದು ಹೊಸದಲ್ಲ, ಅಲ್ವಾ?

ಪ್ರಸಂಗಕ್ಕೆ ಇಪ್ಪತ್ತು ನಿಮಿಷ ಕೊಟ್ಟಿದ್ದರು. ನಾನು ಇಪ್ಪತ್ತು ನಿಮಿಷದ್ದೇ ಬರೆದುಕೊಂಡು ಹೋಗಿದ್ದೆ. ಟ್ವಿ ಭಾಷೆಗೆ ಅನುವಾದವಾಗುತ್ತಾ ಅದು ನಲವತ್ತಾಯಿತು. ಎರಡನೇ ಹಳ್ಳಿಯಲ್ಲಿ ಅರ್ಧ ಕತ್ತರಿಸಿ, ನಮ್ಮಲ್ಲಿ ಕಿಟ್ಟೆಲ್ ಕನ್ನಡ ನಿಘಂಟು ಮಾಡಿದ ಕಥೆ ಹೇಳಿದೆ. ಅವರಿಗೆ ಕ್ರಿಸ್ಟಾಲರ್ ಇದ್ದಾರೆ, ಟ್ವಿ ಬೈಬಲ್ಲೂ ನಿಘಂಟೂ ಅವರ ದುಡಿಮೆ. ಇಬ್ಬರೂ ಒಂದೇ ಮಿಶನ್‌ನವರು ಅಂದಾಗ ಹಿಂದಿನ ಬೆಂಚಿನ ಅಜ್ಜಿಯೊಬ್ಬರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು.

ಮೂರನೇ ಹಳ್ಳಿಯಲ್ಲಿ ನಾನು ತಪ್ಪು ಮಾಡಿದೆ. ದೇವಾಲಯಕ್ಕೆ ಗೋಡೆ ಎದ್ದಿತ್ತು, ಮಾಡು ಅರ್ಧಕ್ಕೆ ನಿಂತಿತ್ತು. ತಗಡಿಗೆ ಸಹಾಯ ಆಗಬಹುದಾ ಅಂತ ಹಿರಿಯರು ಕೇಳಿದರು. ‘ನೋಡೋಣ’ ಅಂದೆ. ನಮ್ಮಲ್ಲಿ ಅದು ಇಲ್ಲ ಅನ್ನುವುದನ್ನು ಮೆತ್ತಗೆ ಹೇಳುವ ಮಾತು. ಇಂಗ್ಲಿಷಿನಿಂದ ಟ್ವಿಗೆ ಹೋಗುವಷ್ಟರಲ್ಲಿ ಅದು ಒಪ್ಪಿಗೆಯಾಗಿತ್ತು. ಜನ ಚಪ್ಪಾಳೆ ತಟ್ಟಿದರು. ಯಾಕೆ ಅಂತ ನನಗೆ ಹೊಳೆಯಲೇ ಇಲ್ಲ. ನಾಲ್ಕು ದಿನದ ಮೇಲೆ ತಗಡು ಯಾವಾಗ ಬರುತ್ತದೆ ಅಂತ ಫೋನ್ ಬಂತು.

ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಟ್ರೋಟ್ರೋ ವ್ಯಾನ್ ಹತ್ತಿ ವಾಪಸ್ ಹೋದೆ. ಒಸೊಫೊ, ಅಂದರೆ ಸಭಾಪಾಲಕರು, ಹಿರಿಯರನ್ನು ಕರೆಸಿದರು. ನನ್ನ ಹತ್ತಿರ ಅಷ್ಟು ಹಣವಿಲ್ಲ, ಮಾತು ಸರಿಯಾಗಿ ಆಡಲಿಲ್ಲ, ಕ್ಷಮಿಸಿ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಹಿರಿಯರು ಕೇಳಿದರು: ‘ನೀನು ಹುಟ್ಟಿದ ವಾರ ಯಾವುದಮ್ಮ?’

ಶುಕ್ರವಾರ ಅಂದೆ. ‘ಹಾಗಾದರೆ ನೀನು ಅಫುವಾ. ಭಾನುವಾರ ಬಾ.’

ಅಲ್ಲಿ ಹುಟ್ಟಿದ ವಾರದ ಪ್ರಕಾರ ಹೆಸರಿರುತ್ತದೆ, ಕಾಣಿಕೆಯನ್ನೂ ವಾರದ ಪ್ರಕಾರವೇ ಎತ್ತುತ್ತಾರೆ. ಶುಕ್ರವಾರದ ಗಂಡಸರು ಕೋಫಿ, ಹೆಂಗಸರು ಅಫುವಾ. ಪ್ರತಿ ಗುಂಪೂ ಕರವಸ್ತ್ರ ಬೀಸುತ್ತಾ, ಕುಣಿಯುತ್ತಾ ಮುಂದೆ ಹೋಗಿ ಹಾಕುತ್ತದೆ. ಯಾವ ವಾರದವರು ಜಾಸ್ತಿ ಕೊಟ್ಟರು ಅಂತ ಎಣಿಸಿ ಹೇಳುತ್ತಾರೆ. ಆ ಭಾನುವಾರದ ಕಾಣಿಕೆ ಮಾಡಿನ ತಗಡಿಗೆ. ನಾನು ಶುಕ್ರವಾರದವರ ಸಾಲಿನಲ್ಲಿ ನಿಂತು, ಕೈಲಾದಷ್ಟು ಸೆಡಿ (ಅಲ್ಲಿನ ಹಣ) ಹಿಡಿದುಕೊಂಡು, ಅವರ ಹಾಗೇ ಹೆಜ್ಜೆ ಹಾಕುತ್ತಾ ಹೋದೆ. ನಮ್ಮ ಗುಂಪಿಗೆ ಎರಡನೇ ಸ್ಥಾನ ಬಂತು.