ಆಸ್ಟ್ರೇಲಿಯಾ ಸ್ಟೂಡೆಂಟ್ ವೀಸಾ: ಆ 150 ಪದಗಳನ್ನು ನೀವೇ ಬರೆಯಿರಿ

ಆಸ್ಟ್ರೇಲಿಯಾಕ್ಕೆ ಓದಲು ಹೊರಟ ಎಷ್ಟೋ ಜನ ಇನ್ನೂ ಹಳೇ ಜಿಟಿಇ (ಜೆನ್ಯೂನ್ ಟೆಂಪರರಿ ಎಂಟ್ರಂಟ್, ಅಂದರೆ ತಾತ್ಕಾಲಿಕವಾಗಿ ಮಾತ್ರ ಬರುತ್ತೇನೆ ಅಂತ ಹೇಳುವ) ಪತ್ರದ ಮಾದರಿ ಹುಡುಕುತ್ತಿದ್ದಾರೆ. ಅದು ಈಗಿಲ್ಲ. 2024ರ ಮಾರ್ಚ್ 23ರಿಂದ ಅರ್ಜಿಯಲ್ಲೇ 'ಜೆನ್ಯೂನ್ ಸ್ಟೂಡೆಂಟ್' ಪ್ರಶ್ನೆಗಳಿವೆ, ಅಂದರೆ ನೀವು ನಿಜವಾಗಿ ಓದಲೆಂದೇ ಹೋಗುತ್ತಿದ್ದೀರಾ ಅಂತ ನೋಡುವ ಪ್ರಶ್ನೆಗಳು. ಒಂದೊಂದಕ್ಕೂ 150 ಪದದೊಳಗೆ ಇಂಗ್ಲಿಷಿನಲ್ಲಿ ಉತ್ತರಿಸಬೇಕು.

"ಓದು ಮುಗಿಸಿ ಖಂಡಿತ ವಾಪಸ್ ಬರುತ್ತೇನೆ" ಅಂತ ಸುಮ್ನೆ ಬರೆದರೆ ಸಾಲದು. ನನ್ನ ತಂಗಿ ಮೊದಲು ಹಾಗೇ ಬರೆದಿದ್ದಳು. ಒಂದು ರಾತ್ರಿ ಇಬ್ಬರೂ ಕೂತು ತಿದ್ದಿದೆವು: ಹಾಸನದ ಡೇರಿ ಲ್ಯಾಬಿನಲ್ಲಿ ಮೂರು ವರ್ಷದ ಕೆಲಸ, ಅಲ್ಲಿ ಅವಳಿಗೆ ಬಾರದ ಪರೀಕ್ಷೆಗಳು ಯಾವುವು, ಈ ಕೋರ್ಸಿನ ಯಾವ ವಿಷಯ ಅದನ್ನೇ ಕಲಿಸುತ್ತದೆ, ಮುಗಿಸಿದ ಮೇಲೆ ಇಲ್ಲಿ ಯಾವ ಹುದ್ದೆ, ಸಂಬಳ ಎಷ್ಟು ಸಿಗಬಹುದು. ಪ್ರತಿ ಮಾತಿಗೂ ಒಂದು ಕಾಗದ ಲಗತ್ತಿಸಿದೆವು. ಸ್ಯಾಲರಿ ಸ್ಲಿಪ್, ಅನುಭವ ಪತ್ರ, ಅಪ್ಪನ ಐಟಿ ರಿಟರ್ನ್. ಪಹಣಿ ಕನ್ನಡದಲ್ಲಿತ್ತು, ಅದಕ್ಕೆ ಇಂಗ್ಲಿಷ್ ಅನುವಾದವನ್ನೂ ಮಾಡಿಸಿದೆವು.

ಓದಿನ ನಡುವೆ ಗ್ಯಾಪ್ ಇದ್ದರೆ ಮುಚ್ಚಿಡಬೇಡಿ. ಆಗ ಏನು ಮಾಡುತ್ತಿದ್ದಿರಿ ಅಂತ ನೇರವಾಗಿ ಹೇಳಿ. ಏಜೆಂಟ್ ಕೊಡುವ ರೆಡಿಮೇಡ್ ಉತ್ತರ ಮಾತ್ರ ಬೇಡವೇ ಬೇಡ, ಅದೇ ಸಾಲುಗಳು ಇನ್ನೂ ಹತ್ತು ಜನರ ಅರ್ಜಿಯಲ್ಲಿ ಇರಬಹುದು, ಅಲ್ವಾ? ಬರೆದದ್ದನ್ನು ಇಲ್ಲಿ ಹಾಕಿ, ಓದಿ ಹೇಳುತ್ತೇನೆ. ಪಾಸ್‌ಪೋರ್ಟ್ ನಂಬರ್, ಬ್ಯಾಂಕ್ ವಿವರ ಅಳಿಸಿ ಹಾಕಿ.